ಗುಳ್ಳೆ ಬಂದರೆ ಕುದ್ದಂತಲ್ಲ

ಮಸ್ಕಿಯಲ್ಲಿರುವ ನನ್ನಕ್ಕ ಮೂರು ತಿಂಗಳಿಂದ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಕಾರಣ? ಅವಳ ಹೊಸ ಮನೆಯ ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ. ವಾಟ್ಸಾಪಿನಲ್ಲಿ ಎರಡು ಹೂವು ಕಳಿಸಿ ಕೈತೊಳೆದುಕೊಂಡಿದ್ದೆ. (ನಾಲ್ಕು ಕಳಿಸಿದ್ದರೂ ಉಪಯೋಗವಿರಲಿಲ್ಲ, ಬಿಡಿ.)

ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಕಳೆದ ಭಾನುವಾರ ಸಿಂಧನೂರಿನಿಂದ ಬಸ್ ಹತ್ತಿದೆ. ಬಾಗಿಲು ತೆರೆದಳು, ಕಾಲಿಗೆ ನೀರು ಕೊಟ್ಟಳು, ಸೀದಾ ಅಡುಗೆಮನೆಗೆ ಹೋಗಿ ಜೋಳದ ರೊಟ್ಟಿಗೆ ಎಸರಿಟ್ಟಳು. ಒಂದು ಮಾತಿಲ್ಲ.

ನಾನು ಇಂಗ್ಲಿಷ್ ಮೇಷ್ಟ್ರು. ಮೌನ ಕಂಡರೆ ಪಾಠ ಶುರು ಮಾಡುವುದು ನಮ್ಮ ಕಾಯಿಲೆ.

"ಅಕ್ಕಾ, ಹಿಂದಕ ಇಂಗ್ಲಿಷಿನಾಗ ಕುದಿಸೋದಕ್ಕ 'ಸೀದ್' ಅಂತಿದ್ರು. ಆಮ್ಯಾಲ ಫ್ರೆಂಚರ ಕಡಿಂದ 'ಬಾಯ್ಲ್' ಬಂದು ಅಡಗಿಮನಿ ಹಿಡಿತು. ಈಗ ಆ ಹಳೇ ಪದಕ್ಕ ಒಳಗೊಳಗ ಸಿಟ್ಟಿಲೆ ಕುದಿಯೋದು ಅನ್ನೋ ಅರ್ಥ ಅಷ್ಟ ಉಳದೈತಿ. ಅದರದ ಇನ್ನೊಂದು ರೂಪ 'ಸಾಡನ್'. ಮೊದಲ 'ಕುದಿಸಿದ್ದು' ಅಂತಿತ್ತು, ಈಗ ಬರೇ ತೊಯ್ದು ತೊಪ್ಪಿ ಆಗಿದ್ದು!"

ಅಕ್ಕ ಹಿಟ್ಟು ಜರಡಿ ಹಿಡಿದಳು. ಅಷ್ಟೇ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕರೆದಳೆಂದು ಹೊರಗೆ ಹೋದಳು. ಪಾತ್ರೆಯ ತಳದಲ್ಲಿ ಗುಳ್ಳೆಗಳು ಕಂಡವು. ಅಕ್ಕನನ್ನು ಒಲಿಸಲು ಇದಕ್ಕಿಂತ ಒಳ್ಳೆಯ ಚಾನ್ಸ್ ಉಂಟೇ? ನೀರನ್ನು ಹಿಟ್ಟಿಗೆ ಸುರಿದು, ಸಭ್ಯನಂತೆ ಕುಳಿತೆ.

ಬಂದವಳು ಎಸರು ಬಿದ್ದ ಹಿಟ್ಟನ್ನು ಹಾಗೇ ನಾದಿ ಬಡಿಯತೊಡಗಿದಳು. ಮೊದಲ ರೊಟ್ಟಿ ಅಂಚಿನಲ್ಲಿ ಸೀಳಿಹೋಯಿತು. ಎರಡನೆಯದು ನಡುವೆಯೇ ಬಿರಿಯಿತು. ಮೂರನೆಯದನ್ನು ಎತ್ತಲೂ ಆಗಲಿಲ್ಲ.

"ಯಾರಲೇ ಎಸರು ಹಾಕಿದ್ದು?"

ಮೂರು ತಿಂಗಳ ನಂತರದ ಮೊದಲ ಮಾತು! ಬೈಗುಳವಾದರೇನು, ಜೀವ ಬಂದಂತಾಯಿತು.

"ನಾನ. ಗುಳ್ಳಿ ಬಂದಿದ್ವು."

"ಗುಳ್ಳಿ ಬಂದ್ರ ಕುದ್ದಂಗೇನು? ಕೊತಕೊತ ಕುದ್ರನ ಹಿಟ್ಟಿಗೆ ಜಿಗಿ ಬಂದು ರೊಟ್ಟಿ ಒಡೆಯಂಗಿಲ್ಲ. ಇಷ್ಟು ಓದೀದಿ, ಇದು ಗೊತ್ತಿಲ್ಲೇನು?" ಎನ್ನುತ್ತಲೇ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ.

ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು: "ಆವತ್ತು ಹಾಲು ಉಕ್ಕಿಸೋದು ತಡ ಮಾಡಿ, ಬಾಗಲಾಗ ನಿಂತು ನಿನ್ನ ದಾರಿ ನೋಡಿದೆ. ತವರಿನವರು ಅಂತ ಇರಾಂವ ನೀ ಒಬ್ಬನ. ನೀ ಉಡುಗೊರಿ ತರೋ ಆಹೇರಿ ಸೀರಿ ಬೇಕಾಗಿದ್ದಿಲ್ಲೋ ತಮ್ಮಾ, ನೀ ಬೇಕಾಗಿದ್ದಿ."

ನಾಚಿಕೆಯಾಯಿತು. ತಪ್ಪಾಯಿತೆಂದೆ. ಅದನ್ನು ಹೇಳಲು ನನ್ನ ಯಾವ ಇಂಗ್ಲಿಷೂ ಬೇಕಾಗಲಿಲ್ಲ.

ಹೊಸ ಎಸರಿಟ್ಟಳು. ಒಡೆದ ರೊಟ್ಟಿಗಳನ್ನೆಲ್ಲ ಬೇಯಿಸಿ ನನ್ನ ತಾಟಿಗೇ ಹಾಕಿ, "ಮಾಡಿದ್ದುಣ್ಣೋ ಮಹಾರಾಯ" ಅಂದಳು. ಪುಂಡಿಪಲ್ಯದ ಜೊತೆ ಒಂದು ಚೂರೂ ಬಿಡದೆ ಉಂಡೆ.

ರೊಟ್ಟಿಗಾದರೆ ಇನ್ನೊಮ್ಮೆ ಎಸರಿಡಬಹುದು. ಆವತ್ತು ಉಕ್ಕಿದ ಹಾಲನ್ನು ಯಾವ ಒಲೆಯ ಮೇಲೆ ಮತ್ತೆ ಉಕ್ಕಿಸಲಿ?