ಗೋಡೆ ಮೇಲಿದ್ದ ನಂಬರು

ನನ್ನ ಸೊಸೆಗೆ ಅಂಗನವಾಡಿ ಕೆಲಸ ತಪ್ಪಿದ್ದು ನನ್ನ ಕೈಯಿಂದ. ಅವಳ ತಮ್ಮ ಹಾಕಿಕೊಟ್ಟ ಹೊಸ ಸಿಸ್ಟಮ್ಮಿಂದ ಅಂತ ಮನೇಲಿ ಹೇಳ್ತಾರೆ. ಅದು ನನ್ನ ಮುಖ ನೋಡಿ ಹೇಳೋ ಮಾತು.

ನಮ್ಮೂರ ಅಂಗನವಾಡಿ ಟೀಚರ್ ರಿಟೈರ್ ಆಗಿದ್ದಳು. ಅರ್ಜಿ ಕಂಪ್ಯೂಟರಲ್ಲೇ ಹಾಕಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಸೊಸೆಗೆ ಆಗಲೇ ಅಂಚಿಗೆ ಬಂದಿತ್ತು. ಇನ್ನೊಬ್ಬ ಟೀಚರ್ ರಿಟೈರ್ ಆಗೋ ಹೊತ್ತಿಗೆ ಇವಳೂ ಅಜ್ಜಿ ಆಗಿರ್ತಾಳೆ.

ಮನೇಲಿದ್ದ ಹಳೇ ಕಂಪ್ಯೂಟರಿನ ಸಿಸ್ಟಮ್ಮಿಗೆ ಕಾಲ ಮುಗೀತು ಅಂತ ದಿನಾ ಪರದೆ ಮೇಲೆ ಬರ್ತಿತ್ತು. ಮಾಲೂರಿನ ಫ್ಯಾಕ್ಟರೀಲಿರೋ ಅವಳ ತಮ್ಮ ಭಾನುವಾರ ಬಂದು, ಅದನ್ನ ಅಳಿಸಿ ಬೇರೆ ಸಿಸ್ಟಮ್ ಹಾಕಿದ. ಅವಳ ಸರ್ಟಿಫಿಕೇಟುಗಳನ್ನೆಲ್ಲ ಜೋಪಾನವಾಗಿ ವಾಪಸ್ ತುಂಬಿದ. ನೆಟ್ ನೋಡೋ ಹೊತ್ತಿಗೆ ಕರೆಂಟ್ ಹೋಯ್ತು, ಬಸ್ಸೂ ಬಂತು. ಹತ್ತಿ ಹೋದ.

ಸೋಮವಾರ ಅರ್ಜಿಗೆ ಕೊನೇ ದಿನ. ನೆಟ್ ಬರಲಿಲ್ಲ. ನಮ್ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗಲ್ಲ, ಅದಕ್ಕೇ ನೆಟ್ಟಿಗೆ ವೈರ್ ಎಳೆಸಿದ್ದು. ಸೊಸೆ ತಾರಸಿ ಹತ್ತಿ ತಮ್ಮನಿಗೆ ಫೋನ್ ಮಾಡೋಳು, ಇಳಿದು ವೈರ್ ಕಿತ್ತು ಸಿಕ್ಕಿಸೋಳು, ಮತ್ತೆ ಹತ್ತೋಳು. ನಾನು ಮೇಲೆ ರಾಗಿ ಹರಡ್ತಿದ್ದೆ, ಸ್ಪೀಕರಲ್ಲಿ ಎಲ್ಲ ಕೇಳ್ತಿತ್ತು.

“ಕಂಪ್ಯೂಟರ್ ಹಿಂದೆ ಹಸಿರು ಲೈಟ್ ಮಿಣುಕ್ತಾ ಇದೆ ಕಣೋ!”

“ಹಂಗಾದ್ರೆ ವೈರ್ ಸರಿಯಾಗಿದೆ ಅಕ್ಕಾ. ಹಳೇ ಸಿಸ್ಟಮ್ಮಲ್ಲಿ ನೆಟ್ ಬರೋಕೆ ನಂಬರ್ ತುಂಬಿದ್ರೇನೋ, ಅದು ಅಳಿಸಿಹೋಗಿದೆ. ವೈರ್ ಎಳೆದೋರನ್ನ ಕೇಳು.”

ಕೇಳಿದಳು. ಅಲ್ಲಿ ಹೊಸಬ ಇದ್ದ. “ನಂಬರ್ ಲೇಕುಂಡಾ ರಾದಮ್ಮಾ” ಅಂದ, ನಂಬರಿಲ್ಲದೆ ಬರಲ್ಲವಂತೆ. ಮುಂಚೆ ಇದ್ದೋನು ಎಲ್ಲರ ಮನೇಲೂ ಕಂಪ್ಯೂಟರ್ ಪಕ್ಕದ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆದಿದ್ದಾನಂತೆ, ನೋಡಿ ಹಾಕ್ಕೋಬೇಕಂತೆ. ಇಲ್ಲಾಂದ್ರೆ ನಾಳೆ ತಾನೇ ಬರ್ತಾನಂತೆ.

ಕೆಳಗೆ ಹೋಗಿ ನೋಡಿದರೆ ಗೋಡೆ ಬೆಳ್ಳಗಿತ್ತು. ಹಿರಿಯರ ಹಬ್ಬಕ್ಕೆ ನಮ್ಮ ಯಜಮಾನರಿಗೆ ಎಡೆ ಇಡೋದು ಆ ಗೋಡೆ ಹತ್ತಿರವೇ. ಎಡೆ ಇಡೋ ಜಾಗ ಕೊಳಕಾಗಿರಬಾರದು ಅಂತ ಹಿಂದಿನ ವಾರ ಸುಣ್ಣ ಹೊಡೆದಿದ್ದೆ. ಗೀಚಿದ್ದು ಕಂಡಿತ್ತು. ಏನು ಅಂತ ಯಾರನ್ನೂ ಕೇಳಲಿಲ್ಲ. ನನ್ನ ಮನೆ ಗೋಡೆಗೆ ನಾನು ಯಾರನ್ನ ಕೇಳಲಿ?

“ಅತ್ತೆ, ಇಲ್ಲಿ ಬರೆದಿತ್ತಲ್ಲಾ?”

“ಸುಣ್ಣ ಹೊಡೆದೆ.”

“ಎಷ್ಟು ಕೈ?”

“ಎರಡು.”

ಸೌಟಿನ ಹಿಡಿಯಿಂದ ಕೆರೆದಳು. ಸುಣ್ಣದ ಜೊತೆ ಪೆನ್ಸಿಲ್ಲೂ ಉದುರಿತು. ಒಂದು ಸೊನ್ನೆ, ಒಂದು ಏಳು ಉಳಿದಿತ್ತು. ಅದಿಟ್ಕೊಂಡು ಏನ್ ಮಾಡೋದು?

ಪೆನ್‌ಡ್ರೈವಿಗೆ ಎಲ್ಲ ಹಾಕ್ಕೊಂಡು ಎರಡೂವರೆ ಬಸ್ಸಿಗೆ ಶ್ರೀನಿವಾಸಪುರಕ್ಕೆ ಓಡಿದಳು. ಕಂಪ್ಯೂಟರ್ ಅಂಗಡಿ ಮುಂದೆ ಇಂಥದೇ ಅರ್ಜಿ ಹಿಡಿದ ಹೆಂಗಸರ ಸಾಲು. ಇವಳ ಸರದಿ ಬರೋಷ್ಟರಲ್ಲಿ ಐದೂವರೆ, ಅರ್ಜಿ ಮುಚ್ಚಿತ್ತು. ಮನೆಗೆ ಬಂದು ಸೀರೆ ಕೂಡ ಬದಲಾಯಿಸದೆ ಅನ್ನಕ್ಕಿಟ್ಟಳು. ನನ್ನ ಬೈಯಲಿಲ್ಲ. ತಾರಸಿ ಹತ್ತಿ ತಮ್ಮನಿಗೆ ಫೋನ್ ಮಾಡಿ “ನಿನ್ ಸಿಸ್ಟಮ್ಮಿಗೆ ಬೆಂಕಿ ಬೀಳ” ಅಂದಳು. ಬೈದಿದ್ದರೆ ನಾನೂ ಎರಡು ಮಾತಾಡ್ತಿದ್ದೆ.

ಮಾರನೇ ಬೆಳಿಗ್ಗೆ ಅವಳು ಏಳಲಿಲ್ಲ. ದಿನಾ ಹಾಲು ಒಯ್ಯೋಳು ಅವಳೇ. ನಾನೇ ಹಾಲು ಕರೆದು, ಕ್ಯಾನ್ ಎತ್ಕೊಂಡು ಡೈರಿಗೆ ಹೋದೆ. ಸಾಲಲ್ಲಿದ್ದ ಪಕ್ಕದ ಮನೆಯೋಳು, “ಏನವ್ವಾ, ಟೀಚರಮ್ಮ ಇನ್ನೂ ಎದ್ದಿಲ್ವಾ?” ಅಂತ ನಕ್ಕಳು.

“ಅರ್ಜಿ ಹೋಗ್ಲಿಲ್ಲ. ನಾನು ಹಾಳು ಮಾಡ್ದೆ. ಮುಂದಕ್ಕೆ ನಡಿ” ಅಂದು ಹಾಲು ಹಾಕಿ ಬಂದೆ.