ಪದ್ದುವಿನ ಎದೆಯ ಫೋಟೋ

ನನ್ನ ಒಂಬತ್ತು ವರ್ಷದ ಮಗಳು ಪದ್ದುಗೆ ಕ್ಷಯ ಇರಬಹುದು ಅಂದರು. ನಾನು ನಂಬಲಿಲ್ಲ.

(ನಾನು ಯಾವುದನ್ನು ನಂಬಿದ್ದೇನೆ ಹೇಳಿ? ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುವ ಪೈಕಿ ನಾನು.)

ತಿಂಗಳಿಂದ ಅವಳಿಗೆ ಕೆಮ್ಮು. ಭದ್ರಾವತಿಯ ನಮ್ಮ ಡಾಕ್ಟರು, "ಶಿವಮೊಗ್ಗಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿಬಿಡಿ" ಅಂದರು. ಹೆಂಡತಿ ಬಾಣಂತಿ. ನನಗೆ ಕಾರ್ಖಾನೆ ಆಫೀಸಿನಲ್ಲಿ ರಜೆ ಇಲ್ಲ. ಅಕ್ಕನೇ ರೈಲಿನಲ್ಲಿ ಕರೆದುಕೊಂಡು ಹೋಗಿ ಬಂದಳು.

ಪ್ಲೇಟಿನಲ್ಲಿ ಬಲಗಡೆ ಮೇಲುಭಾಗದಲ್ಲಿ ಬೆಳ್ಳಗೆ, ಉದ್ದಕ್ಕೆ ಒಂದು ಮಚ್ಚೆ! "ಎರಡು ವಾರ ಬಿಟ್ಟು ಇನ್ನೊಂದು ತೆಗೆಸೋಣ. ಆಗಲೂ ಇದ್ದರೆ ಕ್ಷಯದ ಆಸ್ಪತ್ರೆ, ಸ್ಯಾನಟೋರಿಯಂಗೆ ಸೇರಿಸಬೇಕು. ಅಲ್ಲೀವರೆಗೆ ಕೂಸಿನ ಹತ್ತಿರ ಬಿಡಬೇಡಿ" ಅಂದರು ಡಾಕ್ಟರು.

ಆ ಎರಡು ವಾರ ಎಲ್ಲರ ಮೇಲೂ ಅನುಮಾನ. ಮಿಷನ್ ಕೆಟ್ಟಿದೆಯೋ? ಯಾರದೋ ಪ್ಲೇಟು ನಮಗೆ ಕೊಟ್ಟರೋ? ಸ್ಕೂಲಿನಲ್ಲಿ ಪಕ್ಕ ಕೂರುವ ಹುಡುಗಿ ಕೆಮ್ಮುತ್ತಿದ್ದಳೋ? ಇಷ್ಟೆಲ್ಲ ಅನುಮಾನಪಟ್ಟವನು ಮನೆಯಲ್ಲಿ ಮಾಡಿದ್ದೇನು? ಪದ್ದುವಿನ ಚಾಪೆ ಹಜಾರಕ್ಕೆ ಹಾಕಿಸಿದೆ. ತಟ್ಟೆ, ಲೋಟ ಬೇರೆ ಇಡಿಸಿದೆ. ನಾನು ಮನೆಗೆ ಬಂದಾಗ ಓಡಿಬಂದವಳಿಗೆ "ಅಲ್ಲೇ ನಿಲ್ಲು" ಅಂದೆ. ಭಯ ಸ್ವಾಮೀ, ಬರೀ ಭಯ!

ಎರಡನೇ ಎಕ್ಸ್‌ರೇಗೆ ಆಫೀಸಿನಲ್ಲಿ ಜಗಳ ಆಡಿ ರಜೆ ಹಾಕಿ ನಾನೂ ಹೋದೆ. ಪ್ಲೇಟು ಅದಲುಬದಲಾಗದಂತೆ ಎಕ್ಸ್‌ರೇಯವನ ಕೈ ಮೇಲೇ ಕಣ್ಣಿಟ್ಟು ನಿಂತೆ. ಅವನು ಪಾಪ, "ಸಾರ್, ರವಿಕೆ ತೆಗೆದು ಬಟ್ಟೆ ಹೊದಿಸಿ" ಅಂದ, ಅಷ್ಟೆ. ಅಕ್ಕ ಹಾಗೇ ಮಾಡಿದಳು. ಆಮೇಲೆ ಪದ್ದುವಿನ ಎಣ್ಣೆ ಹಚ್ಚಿದ ದಪ್ಪ ಜಡೆಯನ್ನು ಬಲಭುಜದ ಮೇಲಿಂದ ಮುಂದಕ್ಕೆ ತಂದು, ಹೊದಿಕೆಯೊಳಗೆ ಎದೆಯ ಮೇಲೆ ನೀಟಾಗಿ ಇಳಿಬಿಟ್ಟಳು.

"ಇದೇನೇ ಅಕ್ಕಾ?"

"ಫೋಟೋ ಅಲ್ವೇನೋ ಮಾರಾಯ? ಸ್ಟುಡಿಯೋದಲ್ಲಿ ಹೆಣ್ಮಕ್ಕಳ ಜಡೆ ಮುಂದಕ್ಕೆ ಹಾಕಲ್ವಾ? ಹೋದ ಸಲಾನೂ ಹಾಕಿದ್ದೆ. ಬಟ್ಟೆ ಒಳಗಿದ್ರೂ ಈ ಮಿಷನ್‌ಗೆ ಕಾಣುತ್ತಂತಲ್ಲ!"

ಕಂಡಿತ್ತು ತಾಯೀ, ಬೆಳ್ಳಗೆ, ಉದ್ದಕ್ಕೆ, ಚೆನ್ನಾಗೇ ಕಂಡಿತ್ತು. ಎಕ್ಸ್‌ರೇಯವನು ಹಣೆ ಚಚ್ಚಿಕೊಂಡ. ಜಡೆ ಎತ್ತಿ ಗಂಟು ಹಾಕಿಸಿ ಪ್ಲೇಟು ತೆಗೆದ. ಮಧ್ಯಾಹ್ನ ಅಲ್ಲಿನ ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನೂ ಇಲ್ಲ. ಬರೀ ಕೆಮ್ಮು" ಅಂದರು. ಅಕ್ಕ ಅಲ್ಲೇ ಕೂತು ಅತ್ತಳು. ಬಯ್ಯೋಣ ಅಂದುಕೊಂಡವನು ಅವಳಿಗೆ ಕಾಫಿ ತಂದುಕೊಟ್ಟೆ.

ವಾಪಸು ರೈಲಿನಲ್ಲಿ ಪದ್ದು ಬೆಂಚಿನ ಆ ತುದಿಗೆ ಹೋಗಿ ಕೂತಳು. "ಬಾರೇ, ನನ್ನ ಪಕ್ಕ ಕೂತ್ಕೋ" ಅಂದೆ. ಏಳಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದಳು:

"ನಿಜವಾಗ್ಲೂ ಬರ್ಲಾ ಅಪ್ಪಾ, ಇಲ್ಲಾ ಇನ್ನೊಂದು ಫೋಟೋ ತೆಗೆಸ್ತೀಯಾ?"