ಕಾಂಚನಾ ಟೀಚರ್ ಮುಚ್ಚಿದ ಬಾಗಿಲು

ಸೊರಟೂರಿನ ನಮ್ಮ ಓಣಿಯಲ್ಲಿ ಭಾನುವಾರ ಬೆಳಿಗ್ಗೆ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಹಾಲಿನವನು ಓಣಿಯ ತಲೆಗೇ ಗಾಡಿ ಆರಿಸಿ ನೂಕಿಕೊಂಡು ಬರುತ್ತಿದ್ದ. ಕಾಯಿಪಲ್ಯೆ ಮಾರುವ ಮಾಶಾಕ ಆ ಒಂದು ಮನೆ ದಾಟುವವರೆಗೆ ಬಾಯಿ ಕಟ್ಟಿಕೊಂಡು, ದಾಟಿದ ಮೇಲೆ ಮೆಂತ್ಯ, ರಾಜಗಿರಿ ಎಂದು ಕೂಗುತ್ತಿದ್ದ. ಅದು ಕಾಂಚನಾ ಟೀಚರ್ ಮನೆ. ಹೊಸ್ತಿಲ ಮೇಲೆ ಅವಳ ಅತ್ತೆ ಸುಮಿತ್ರವ್ವ ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡುತ್ತ ಕುಳಿತಿರುತ್ತಿದ್ದಳು. ಯಾರಾದರೂ ದನಿ ಎತ್ತಿದರೆ ಮೊರದಿಂದ ಕೈ ತೆಗೆದು, ಗಾಳಿಯನ್ನೇ ಕೆಳಗೆ ಒತ್ತುವಂತೆ ಒಂದು ಸನ್ನೆ. ಅಷ್ಟಕ್ಕೇ ಓಣಿ ತಣ್ಣಗಾಗುತ್ತಿತ್ತು.

ಕಾಂಚನಾ ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ತವರು ಲಕ್ಷ್ಮೇಶ್ವರ. ಗಂಡ ವೀರೇಶನಿಗೆ ಗದಗಿನ ಹತ್ತಿ ಅಡತಿ ಅಂಗಡಿಯಲ್ಲಿ ಕೆಲಸ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ನಾನು ಗೋಡೆಗೆ ಗೋಡೆ ಹತ್ತಿದ ಮನೆಯವನು. ಶಾಲೆಯಲ್ಲಿ ಬಹಳ ದಿನ ಕೂತವನಲ್ಲ. ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ ಬಿಚ್ಚಿ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದು ಕಲಿತೆ. ಇವತ್ತು ಈ ಊರಿನಲ್ಲಿ ಚೊಕ್ಕ ಅರ್ಜಿ ಬೇಕಾದವರು ನನ್ನ ಕಟ್ಟೆಗೇ ಬರುತ್ತಾರೆ. ಹಾಗಾಗಿ ಅವಳ ಓದಿನ ಮೇಲೆ ನನಗೆ ಮೊದಲಿನಿಂದಲೂ ಕಣ್ಣು.

ಅವಳು ಓದುತ್ತಿದ್ದದ್ದು ಭೌತಶಾಸ್ತ್ರದ ಎಂ.ಎಸ್ಸಿ. ದೂರದ ವಿಶ್ವವಿದ್ಯಾಲಯವೊಂದು ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲೇ ಪಾಠ ಮಾಡಿ, ಆನ್‌ಲೈನಿನಲ್ಲೇ ಪರೀಕ್ಷೆ ತೆಗೆದುಕೊಳ್ಳುತ್ತಿತ್ತು. ಅದು ಮುಗಿದರೆ ಕಾಲೇಜಿಗೆ ಉಪನ್ಯಾಸಕಿಯಾಗಿ ಹೋಗಬಹುದು ಎಂಬ ಆಸೆ. ಮೊದಲ ದಿನ ಲ್ಯಾಪ್‌ಟಾಪು ತೆರೆದು ಕೂತಾಗ ಸುಮಿತ್ರವ್ವ ಬಂದು ಬಗ್ಗಿ ನೋಡಿದ್ದಳಂತೆ.

"ಊರ ಮಕ್ಕಳಿಗೆ ಕಲಸಾಕಿ ನೀನು. ನಿನಗ ಕಲಸಾವ್ರು ಮತ್ತ ಯಾರಬೇ?"

"ದೊಡ್ಡ ಮಾಸ್ತರು ಅದಾರ್ರಿ ಅತ್ತಿ, ಇದರಾಗ."

"ಅವ್ರಿಗೆ ನಾವು ಕಾಣ್ತೇವೇನು?"

"ಕಾಣ್ತೇವ್ರಿ."

ಅಂದಿನಿಂದ ಸುಮಿತ್ರವ್ವ ಅದರ ಮುಂದೆ ಹಾಯಬೇಕಾದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೇ ಹಾಯುತ್ತಿದ್ದಳು.

ಪರೀಕ್ಷೆಯ ಕಟ್ಟು ಇನ್ನೂ ಬಿಗಿ. ಕೋಣೆಯ ಬಾಗಿಲು ಮುಚ್ಚಿರಬೇಕು. ಬರೆಯುವವಳು ಒಬ್ಬಳೇ ಇರಬೇಕು. ಬೇರೆ ದನಿ ಬಿದ್ದರೆ ಪರದೆಯ ಮೇಲೆ ಕೆಂಪು ಅಕ್ಷರದ ಎಚ್ಚರಿಕೆ. ಎದ್ದು ಕ್ಯಾಮೆರಾ ಬಿಟ್ಟು ಸರಿದರೆ ಪರೀಕ್ಷೆ ಅಲ್ಲಿಗೇ ಬಂದ್. ಮೊದಲ ಪರೀಕ್ಷೆಯಲ್ಲಿ ಸೊಸೆ ಹಸಿದಿದ್ದಾಳೆಂದು ಸುಮಿತ್ರವ್ವ ಬಾಗಿಲ ಸಂದಿಯಿಂದ ಅವಲಕ್ಕಿಯ ತಾಟು ಒಳಗೆ ಸರಿಸಿದಳು. ಪರದೆ ಕೆಂಪಗಾಯಿತು. ಮುದುಕಿ ಅವತ್ತು ಹೆದರಿದಳು ನೋಡಿ, ಆಮೇಲೆ ಹೊಸ್ತಿಲು ಬಿಟ್ಟು ಕದಲಲಿಲ್ಲ. "ಒಳಗ ಆಕಿ ಬರೀತಾಳ, ಹೊರಗ ನಾ ಕಾಯ್ತೀನಿ. ಪಾಸಾದ್ರ ಅರ್ಧ ನಂದೂ ಐತಿ" ಎನ್ನುತ್ತಿದ್ದಳು.

ನಡುವೆ ಮಗಳು ಅಂಕಿತಾ ಹುಟ್ಟಿದಳು. ಚುನಾವಣೆಯ ಕೆಲಸಕ್ಕೆ ಹಾಕಿದ್ದರಿಂದ ಒಂದು ಸಲದ ಪರೀಕ್ಷೆ ತಪ್ಪಿತು. ಓದು ಎಳೆದು ಎಳೆದು, ವಿಶ್ವವಿದ್ಯಾಲಯ ಕೊಟ್ಟ ಅವಧಿಯ ತುದಿಗೆ ಬಂದು ನಿಂತಿತು. ಉಳಿದದ್ದು ಒಂದೇ ವಿಷಯ. ಅದನ್ನು ಈ ಸಲ ಮುಗಿಸದಿದ್ದರೆ ಹಿಂದಿನದೆಲ್ಲ ಲೆಕ್ಕಕ್ಕಿಲ್ಲ, ಮತ್ತೆ ಒಂದರಿಂದ ಶುರು.

ಆ ಪರೀಕ್ಷೆಯ ಹಿಂದಿನ ಭಾನುವಾರ ಕೊನೆಯ ಪಾಠವಿತ್ತು. ಸುಮಿತ್ರವ್ವ ಎಂದಿನಂತೆ ಚೌಕಟ್ಟಿಗೆ ಒರಗಿ, ಮೊರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಓಣಿಯಲ್ಲಿ ಹಾದವರೆಲ್ಲ ಅವಳನ್ನು ಕಂಡು ಹೆಜ್ಜೆ ಮೆತ್ತಗೆ ಮಾಡಿದೆವು. ಮಾಶಾಕ ಬಾಯಿ ಮುಚ್ಚಿಕೊಂಡು ದಾಟಿದ. ಪಾಠ ಮುಗಿಸಿ ಹೊರಗೆ ಬಂದ ಕಾಂಚನಾ, "ಅತ್ತಿ, ಆತು ಏಳ್ರಿ" ಎಂದು ಭುಜ ಮುಟ್ಟಿದಳು. ಭುಜ ತಣ್ಣಗಿತ್ತು. ಮೊರದಲ್ಲಿ ಅರ್ಧ ಜೋಳ ಹಸನಾಗಿತ್ತು, ಅರ್ಧ ಹಾಗೇ ಇತ್ತು.

ಕಾಂಚನಾ ಅಳಲಿಲ್ಲ. ಮಣ್ಣು ಮುಗಿಯಿತು, ಬೀಗರು ಬಂದರು, ಹೋದರು. ಅವಳು ಬಂದವರಿಗೆ ನೀರು ಕೊಡುತ್ತಿದ್ದಳು, ಚಾಪೆ ಹಾಸುತ್ತಿದ್ದಳು, ತೆಗೆಯುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಹೆಂಗಸರು ಸುಮ್ಮನಿರುತ್ತಾರೆಯೇ.

"ಕಣ್ಣಾಗ ಒಂದ್ ಹನಿ ಇಲ್ಲ ನೋಡ."

"ಸಾಯನ್ಸ್ ಓದಿದವ್ರಿಗೆ ಹಂಗ ಅಕ್ಕೈತೇನೋ."

ಅವಳ ಕಿವಿಗೆ ಬಿತ್ತು. ಹೆರಳು ಕಟ್ಟಿಕೊಂಡು ಒಳಗೆ ಹೋದಳು.

ಪರೀಕ್ಷೆ ಬರೆಯಬೇಕೋ ಬೇಡವೋ ಎಂಬ ಮಾತು ಬಂದಾಗ ವೀರೇಶ, "ಬರಿ. ಅವ್ವ ಇದ್ದಿದ್ರ ಬರಿ ಅಂತಿದ್ಲು" ಅಂದ. ಕಾಂಚನಾ "ಆತು" ಅಂದಳು. ಬೇಡ ಅಂದಿದ್ದರೂ ಅದೇ ದನಿಯಲ್ಲಿ ಆತು ಅನ್ನುತ್ತಿದ್ದಳೆಂದು ನನಗೆ ಅನ್ನಿಸಿತು.

ತೊಡಕು ಬೇರೆ ಇತ್ತು. ಕಾರ್ಯ ಆಗುವತನಕ ಸಾವಿನ ಮನೆಯ ತಲಬಾಗಿಲು ಮುಚ್ಚುವಂತಿಲ್ಲ. ಮಾತಾಡಿಸಲು ಬಂದವರನ್ನು ಹೊರಗೆ ನಿಲ್ಲಿಸುವಂತಿಲ್ಲ. ನನ್ನ ಮನೆಯಲ್ಲಿ ಕೂತು ಬರೆಯಲಿ ಎಂದರೆ, ಆ ದಿನಗಳಲ್ಲಿ ಆ ಮನೆಯವರು ಇನ್ನೊಬ್ಬರ ಹೊಸ್ತಿಲು ತುಳಿಯುವುದಿಲ್ಲ. ಕಡೆಗೆ ತಲಬಾಗಿಲು ತೆರೆದಿಟ್ಟು ಒಳಕೋಣೆಯದನ್ನು ಮಾತ್ರ ಮುಚ್ಚುವುದೆಂದಾಯಿತು. ಅಂಕಿತಾಳನ್ನು ಲಕ್ಷ್ಮೇಶ್ವರಕ್ಕೆ ಕಳಿಸಿದರು. ವೀರೇಶ ಕಾರ್ಯದ ಸಾಮಾನು ತರಲು ಗದಗಿಗೆ ಹೋದ. ಹೊಸ್ತಿಲಿಗೆ ನಾನು ಕೂತೆ.

ಮೊದಲರ್ಧ ಸುರಳೀತ ಹೋಯಿತು. ಶಿರಹಟ್ಟಿಯಿಂದ ಬಂದ ದೂರದ ಬೀಗರು ವಿಷಯ ತಿಳಿದು, ಬಾಯಿ ಬಿಡದೆ ಪಡಸಾಲೆಯಲ್ಲಿ ಕೂತು ಎದ್ದು ಹೋದರು. ಆಮೇಲೆ ಓಣಿಯ ತಲೆಯಿಂದಲೇ ಅಳು ಕೇಳಿಸಿತು.

ಉಡಚವ್ವ. ಸುಮಿತ್ರವ್ವನ ತವರಾದ ಬಿಂಕದಕಟ್ಟಿಯವಳು, ಚಿಕ್ಕಂದಿನ ಗೆಳತಿ. ಮುಂಡರಗಿಯ ಮಗಳ ಮನೆಗೆ ಹೋಗಿದ್ದವಳಿಗೆ ಖಬರು ತಡವಾಗಿ ಮುಟ್ಟಿತ್ತು. ನಮ್ಮ ಕಡೆ ತವರೂರಿನ ಹೆಂಗಸು ಸಾವಿನ ಮನೆಗೆ ಬಂದರೆ ಸುಮ್ಮನೆ ಬರುವುದಿಲ್ಲ. ಸತ್ತವಳ ಬದುಕನ್ನು ಎತ್ತಿ ಎತ್ತಿ ಆಡುತ್ತ ಅಳುತ್ತಾಳೆ. ತನ್ನಷ್ಟಕ್ಕೆ ತಾನು ನಿಲ್ಲಿಸುವುದೂ ಇಲ್ಲ. ಆ ಮನೆಯ ಹೆಣ್ಣುಮಗಳು ಬಂದು, ಕೈ ಹಿಡಿದು, ಸೆರಗಿನಿಂದ ಕಣ್ಣೊರೆಸಿ "ಸಾಕು ಮಾಡು" ಅನ್ನಬೇಕು. ಬೇರೆಯವರು ಅಂದರೆ ನಡೆಯದು. ತಾನಾಗಿ ನಿಲ್ಲಿಸಿದರೆ ಸತ್ತವಳ ಮೇಲೆ ಅಷ್ಟೇ ಪ್ರೀತಿ ಎಂದು ಆಡಿಕೊಳ್ಳುತ್ತಾರೆ. ಆ ಮನೆಯಲ್ಲಿ ಅವತ್ತು ಇದ್ದ ಹೆಣ್ಣುಮಗಳು ಒಬ್ಬಳೇ.

"ಉಡಚವ್ವಕ್ಕಾ, ಒಂದೀಟ ತಡೀರಿ. ಸೊಸಿ ಒಳಗ ಪರೀಕ್ಷಾ ಬರ್ಯಾಕತ್ತಾಳ" ಎಂದೆ.

"ಸತ್ತ ಮನ್ಯಾಗ ಎಂಥಾ ಪರೀಕ್ಷಾನೋ? ನನ್ನ ಗೆಳತಿ ಎಲ್ಲೆದಾಳ ಅಂತ ಕೇಳಾಕ ಬಂದೇನಿ ನಾ. ಸರೀ ಆಕಡೆ."

"ಮಾಸ್ತರು ಡಬ್ಬಿಯಾಗಿಂದ ಕೇಳಸ್ಕೋತಾರ್ರಿ ಅಕ್ಕಾ."

"ಕೇಳ್ಲಿ. ನಮ್ಮ ಸುಮಿತ್ರಿ ಎಂಥಾಕಿ ಇದ್ಲು ಅನ್ನೂದು ಅವ್ರಿಗೂ ತಿಳೀಲಿ."

ಹೊಸ್ತಿಲ ಮೇಲೆ, ಸುಮಿತ್ರವ್ವ ಕೂರುತ್ತಿದ್ದ ಜಾಗದಲ್ಲೇ ಕೂತುಬಿಟ್ಟಳು. ದನಿ ಎತ್ತಿದಳು. ಒಂದೇ ಹಗ್ಗದಲ್ಲಿ ಇಬ್ಬರೂ ಬಾವಿಯ ನೀರು ಸೇದಿದ್ದನ್ನು ಅತ್ತಳು. ಲಗ್ನವಾಗಿ ಸೊರಟೂರಿನ ಬಂಡಿ ಹತ್ತಿದ ದಿನ ಸುಮಿತ್ರಿ ಹಿಂದಿರುಗಿ ನೋಡಿದ್ದನ್ನು ಅತ್ತಳು. "ಹೇಳದ ಹೋದ್ಯೇನ ನನ್ನ ಗೆಳತೀ, ಕರೀದ ಹೋದ್ಯೇನ" ಎಂದು ಎದೆ ಬಡಿದುಕೊಂಡಳು. ನಾನು "ಸಾಕ್ರಿ ಅಕ್ಕಾ" ಅಂದೆ. ನನ್ನ ಮಾತಿಗೆ ಬೆಲೆ ಇಲ್ಲವೆಂದು ನನಗೂ ಗೊತ್ತಿತ್ತು. ಸನ್ನೆ ಮಾಡಿದೆ. ಸುಮಿತ್ರವ್ವನ ಕೈಗೆ ತಗ್ಗುತ್ತಿದ್ದ ಓಣಿ ನನ್ನ ಕೈಗೆ ತಗ್ಗಲಿಲ್ಲ.

ಒಳಗೆ ಪರದೆ ಕೆಂಪಗಾಗುತ್ತಿರಬೇಕು. ಆದರೂ ಎದ್ದು ಬಾರದಿದ್ದರೆ ದಾರಿ ಇತ್ತು. ದನಿಗೆ ಎಚ್ಚರಿಕೆ ಮಾತ್ರ, ಎದ್ದರೆ ಬಂದ್. ಇನ್ನೊಂದಿಷ್ಟು ಹೊತ್ತು ಕೂತಿದ್ದರೆ ಮುಗಿಯುತ್ತಿತ್ತು.

ಒಳಕೋಣೆಯ ಚಿಲಕ ತೆಗೆದ ಸಪ್ಪಳವಾಯಿತು.

ಕಾಂಚನಾ ಬಂದಳು. ಅವಸರವಿರಲಿಲ್ಲ, ತಡವೂ ಇರಲಿಲ್ಲ. ಗಂಟೆ ಬಾರಿಸಿದ ಮೇಲೆ ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವ ಹಾಗೆ ಬಂದಳು. ಉಡಚವ್ವನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಹಿಡಿದು, ಸೆರಗಿನಿಂದ ಕಣ್ಣು ಒರೆಸಿದಳು.

"ಸಾಕ ಮಾಡ್ರಿ ಅತ್ತಿ. ಸಾಕ ಮಾಡ್ರಿ."

ಉಡಚವ್ವ ನಿಲ್ಲಿಸಿದಳು. ಮೂಗು ಸೀಟಿಕೊಂಡು, ನೀರು ಕುಡಿದು, ಸುತ್ತ ನೋಡಿದಳು. "ಏನೋ ಬರ್ಯಾಕತ್ತಿದ್ದೆಂತಲ್ಲವ್ವಾ, ಚಲೋ ಆತೇನು?" ಎಂದು ಕೇಳಿದಳು. ಕಾಂಚನಾ ಹೂಂ ಎಂಬಂತೆ ತಲೆಯಾಡಿಸಿದಳು. ಅಕ್ಕಿ ತೊಳೆದು ಒಲೆಗಿಟ್ಟಳು. ಮುದುಕಿಗೆ ಊಟ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ನನ್ನನ್ನು ಜೊತೆಗೆ ಕಳಿಸಿದಳು. ನಾನು ತಿರುಗಿ ಬರುವಷ್ಟರಲ್ಲಿ ಲ್ಯಾಪ್‌ಟಾಪು ಮಡಚಿ ಗೂಡಿನಲ್ಲಿಟ್ಟಿದ್ದಳು.

"ಯಾಕ ಎದ್ದಿ ಯವ್ವಾ?" ಎಂದು ಕೇಳಿದೆ.

"ನಾ ಏಳದಿದ್ರ ಆಕಿ ನಿಲ್ಲಸ್ತಿರಲಿಲ್ರಿ ಕಾಕಾ" ಅಂದಳು. ಆಮೇಲೆ, "ಆಕಿಗೆ ಇದನ್ನ ಹೇಳಬ್ಯಾಡ್ರಿ" ಅಂದಳು.

ವಿಶ್ವವಿದ್ಯಾಲಯಕ್ಕೆ ಅರ್ಜಿ ಹೋಯಿತು. ನಾನೇ ಕನ್ನಡದಲ್ಲಿ ಹೊಂದಿಸಿ ಕೊಟ್ಟೆ, ಅವಳು ಇಂಗ್ಲಿಷಿಗೆ ತಿರುಗಿಸಿದಳು. ಕರೆಂಟು ಹೋಗಿದ್ದರೆ, ನೆಟ್‌ವರ್ಕು ಕೈಕೊಟ್ಟಿದ್ದರೆ ಇನ್ನೊಂದು ಅವಕಾಶ ಉಂಟು, ತಾವಾಗಿ ಎದ್ದುಹೋದವರಿಗೆ ಇಲ್ಲ ಎಂದು ಉತ್ತರ ಬಂತು. ಅದನ್ನು ಅವಳು ನನಗೆ ಓದಿ ಹೇಳಿದ ದನಿ, ಶಾಲೆಯಲ್ಲಿ ಹಾಜರಿ ಕೂಗುವ ದನಿ. ವೀರೇಶ, "ಮತ್ತ ಮೊದಲಿಂದ ಹಚ್ಚೂಣೇನು?" ಎಂದ. "ನೋಡೂಣ್ರಿ" ಅಂದಳು. ಅವತ್ತೂ ಶಾಲೆಗೆ ಹೋದಳು.

ಭಾನುವಾರ ಬೆಳಿಗ್ಗೆ ಈಗ ಓಣಿಯಲ್ಲಿ ಗದ್ದಲವಿದೆ. ಹಾಲಿನವನು ಗಾಡಿಯನ್ನು ಬಾಗಿಲಿಗೇ ತರುತ್ತಾನೆ. ಮಾಶಾಕ ಮಾತ್ರ ರೂಢಿ ಬಿಟ್ಟಿಲ್ಲ, ಆ ಮನೆ ಬಂದಾಗ ಬಾಯಿ ಮುಚ್ಚುತ್ತಾನೆ. ಒಂದು ದಿನ ಕಾಂಚನಾಳೇ, "ಒದರೋ ಮಾಶಾಕಣ್ಣ, ಒಳಗ ಏನೂ ನಡದಿಲ್ಲ" ಅಂದಳು.

ಜೋಳ ರಾಶಿಯಾಗುವ ಹೊತ್ತಿಗೆ ಉಡಚವ್ವ ಮತ್ತೆ ಬಂದಳು. ಈ ಸಲ ಅಳುತ್ತ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಸಕ್ಕರೆ ತೆಗೆದಳು.

"ಸುಮಿತ್ರೀ ಸೊಸಿ ದೊಡ್ಡ ಪರೀಕ್ಷಾ ಪಾಸಾದ್ಲು ಅಂತ ಬಿಂಕದಕಟ್ಟಿ ತುಂಬ ಸಕ್ಕರಿ ಹಂಚಿ ಬಂದೇನಿ. ಅರ್ಧ ನಂದು ಅಂತಿದ್ಲಲ್ಲ ನನ್ನ ಗೆಳತಿ. ಆಕಿ ಪಾಲಿಂದು ನಾ ಹಂಚೇನಿ. ಬಾಯಿ ತಗೀ ತಂಗೀ."

ಕಾಂಚನಾ ನನ್ನ ಕಡೆ ಒಮ್ಮೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳು ಬಾಯಿ ತೆರೆದು ಸಕ್ಕರೆ ಹಾಕಿಸಿಕೊಂಡಳು, ಕರಗುವ ತನಕ ಹಾಗೇ ಇಟ್ಟುಕೊಂಡು ನಿಂತಳು. ಆಮೇಲೆ ಚಹಾಕ್ಕಿಡಲು ಒಳಗೆ ಹೋದಳು.